ಆರನೆಯ ಚುಕ್ಕೆ

ಮಲ್ಲಣ್ಣ ಹೊಸ ಕನ್ನಡಕ ಹಾಕಿಕೊಂಡು ಬಂದದ್ದನ್ನು ನೋಡಿ ಉಮಾಶ್ರೀಗೆ ಎಲ್ಲಾದರೂ ಅಡಗಿಕೊಳ್ಳಬೇಕು ಅನ್ನಿಸಿತು.

“ಹೆಂಗೈತಿ ತಂಗಿ?” ಎಂದ ಅವನು ಪ್ರಯೋಗಾಲಯದ ಬಾಗಿಲಲ್ಲೇ ನಿಂತು. “ಮಿಯಾಪುರದಾಗ ಕಣ್ಣ ತೋರಿಸ್ಕೊಂಡು ಬಂದೆ. ನಮ್ಮಾಕಿ, ಈಗ ನೀವ ಪ್ರೊಫೆಸರ್ ಆದಂಗ ಕಾಣಾಕತ್ತೀರಿ ಅಂತ ನಕ್ಕಿದ್ದ ನಕ್ಕಿದ್ದು.”

ಯಾದಗಿರಿ ಕಡೆಯ ಮಲ್ಲಣ್ಣ ಕೊಂಡಾಪುರದ ಆಚೆಗಿನ ಈ ಸಂಶೋಧನಾ ಸಂಸ್ಥೆಯಲ್ಲಿ ಹತ್ತೊಂಬತ್ತು ವರ್ಷದಿಂದ ತಂತ್ರಜ್ಞ. ಸಾಸಿವೆಯಷ್ಟು ಸಣ್ಣ ಹರಳಿನ ಮೇಲೆ ಕೂದಲಿಗಿಂತ ತೆಳ್ಳಗಿನ ನಾಲ್ಕು ಚಿನ್ನದ ತಂತಿಗಳನ್ನು ಬೆಳ್ಳಿಯ ಅಂಟಿನಿಂದ ಕೂರಿಸುವ ಕೈ ಅವನದು. ಪಿಎಚ್‌.ಡಿ.ಯ ಕೊನೆಯ ವರ್ಷದಲ್ಲಿದ್ದ ಉಮಾಶ್ರೀಯ ಅಳತೆಗಳೆಲ್ಲ ಆ ತಂತಿಗಳನ್ನೇ ನಂಬಿಕೊಂಡಿದ್ದವು.

ಸಾಮಾನ್ಯ ಲೋಹವನ್ನು ತಣ್ಣಗೆ ಮಾಡುತ್ತ ಹೋದರೆ ಅದರ ವಿದ್ಯುತ್ ರೋಧ ಇಳಿದು ಇಳಿದು ಕೊನೆಗೆ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ಅವಳ ತಾಮ್ರದ ಆಕ್ಸೈಡ್ ಹರಳುಗಳು ಹಾಗಲ್ಲ. ಅಳತೆಪಟ್ಟಿ ಇಟ್ಟು ಎಳೆದಂತೆ ನೇರವಾಗಿ ಇಳಿಯುತ್ತವೆ, ಆಮೇಲೆ ಥಟ್ಟನೆ ಸೊನ್ನೆ. ಮೊದಲನೆಯದು ವಿಚಿತ್ರ ಲೋಹದ ನಡತೆ, ಎರಡನೆಯದು ಅತಿವಾಹಕತೆ. ಇಳಿಜಾರು ಕಡಿದಾದಷ್ಟೂ ಸೊನ್ನೆಯಾಗುವ ತಾಪ ಹೆಚ್ಚು, ಎರಡಕ್ಕೂ ಬೇರು ಒಂದೇ ಇರಬೇಕು ಎಂಬುದು ಅವಳ ಲೇಖನದ ಮಾತು. ಐದು ಹರಳುಗಳ ಐದು ಚುಕ್ಕೆಗಳು ನಕ್ಷೆಯಲ್ಲಿ ಒಂದೇ ಗೆರೆಯ ಮೇಲೆ ಕೂತಿದ್ದವು. ಆರನೆಯದು ಕೂರಲಿಲ್ಲ: ಇಳಿಜಾರು ಕಡಿದು, ಆದರೆ ಸೊನ್ನೆಯ ತಾಪ ತೀರ ಕೆಳಗೆ.

ಮೂರು ವಾರದ ಹಿಂದೆ ಆರನೆಯದನ್ನು ಅಳೆದಾಗ ತಂತಿಗಳ ಸಂಪರ್ಕವನ್ನು ಅವಳೇ ಪರೀಕ್ಷಿಸಿದ್ದಳು. ಚೆನ್ನಾಗಿಯೇ ಇತ್ತು. ಆದರೂ ದಾಖಲೆ ಪುಸ್ತಕದಲ್ಲಿ ‘ಸಂಪರ್ಕ ಸರಿಯಿಲ್ಲ’ ಎಂದು ಬರೆದು ಆ ಚುಕ್ಕೆಯನ್ನು ಬಿಟ್ಟಳು. ಸಂಪರ್ಕ ಕೆಡುವುದು ಇಲ್ಲಿ ದಿನದ ಮಾತು, ಯಾರೂ ಕೇಳುವುದಿಲ್ಲ ಎಂದುಕೊಂಡಿದ್ದಳು. ಅವಳ ಮಾರ್ಗದರ್ಶಕ ಸುಬ್ಬರಾಯರು ಕೇಳಿದರು, ಆದರೆ ಅವಳನ್ನಲ್ಲ.

“ಏನು ಮಲ್ಲಣ್ಣ, ಕೈ ನಡುಗುತ್ತಾ? ತಂತಿ ಕೆಲಸ ಬಿಡಿ, ನೈಟ್ರೋಜನ್ ತುಂಬಿಸಿಕೊಂಡಿರಿ ಸಾಕು” ಎಂದಿದ್ದರು, ಎಲ್ಲರೆದುರು. ಉಮಾಶ್ರೀ ಕಂಪ್ಯೂಟರ್ ಪರದೆಯಿಂದ ಕಣ್ಣೆತ್ತಿರಲಿಲ್ಲ.

“ಆ ಆರನೇದ್ದು ಇನ್ನೊಮ್ಮೆ ಕೊಡು ತಂಗಿ. ಈ ಸಲ ತಪ್ಪಂಗಿಲ್ಲ” ಎಂದ ಮಲ್ಲಣ್ಣ.

ಕೊಡದಿರಲು ಅವಳಿಗೆ ಕಾರಣ ಹೊಳೆಯಲಿಲ್ಲ. ಅವನು ಸೂಕ್ಷ್ಮದರ್ಶಕದ ಮೇಲೆ ಬಗ್ಗಿ, ಉಸಿರು ಬಿಗಿಹಿಡಿದು, ಹಳೆಯ ಅಂಟು ತೆಗೆದು ನಾಲ್ಕೂ ತಂತಿ ಹೊಸದಾಗಿ ಕೂರಿಸಿದ. ಹರಳು ತಣ್ಣಗಾಗುತ್ತಿದ್ದಂತೆ ಅವಳ ಬೆನ್ನ ಹಿಂದೆಯೇ ಬಂದು ನಿಂತ. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ರೋಧದ ಗೆರೆ ಪೂರ್ತಿ ಮೂಡಿತು. ಅದೇ ಇಳಿಜಾರು, ಅದೇ ಕೆಳಗಿನ ಸೊನ್ನೆ.

“ಮತ್ತ ಕೆಟ್ಟತೇನ ತಂಗಿ?”

ಹೌದು ಎಂದುಬಿಟ್ಟರೆ ಲೇಖನ ಉಳಿಯುತ್ತಿತ್ತು. ಅವನ ಕೈಯ ಮೇಲೆ ಇನ್ನು ಯಾರಿಗೂ ನಂಬಿಕೆ ಉಳಿಯುತ್ತಿರಲಿಲ್ಲ, ಅವನಿಗೇ ಸಹ.

“ಇಲ್ಲಣ್ಣಾ. ಸರಿ ಐತಿ. ಅವತ್ತೂ ಸರಿ ಇತ್ತು.”

ಅವನು ಕನ್ನಡಕ ತೆಗೆದ. “ಅವತ್ತ ನಿನಗ ಗೊತ್ತಿತ್ತೇನು?”

“ಗೊತ್ತಿತ್ತು.”

ಮಲ್ಲಣ್ಣ ಚಿಮಟವನ್ನು ಒರೆಸಿ ಡಬ್ಬಿಯಲ್ಲಿಟ್ಟ. “ಮತ್ತ ಯಾಕ ಹಂಗ ಬರದ್ರಿ, ಮೇಡಂ?”

ನಾಲ್ಕು ವರ್ಷದಲ್ಲಿ ಅವನು ಒಮ್ಮೆಯೂ ಅವಳನ್ನು ಮೇಡಂ ಎಂದಿರಲಿಲ್ಲ. “ಗೆರಿ ಕೆಡತಿತ್ತು” ಎಂದಳು. ಬಾಯಿಬಿಟ್ಟು ಹೇಳಿದಾಗ ಕಾರಣ ಇಷ್ಟೇನಾ ಅನ್ನಿಸಿತು. “ಸರ್‌ಗೆ ಈಗ ಹೋಗಿ ಹೇಳತೀನಿ. ನೀವೂ ಬರ್ರಿ.”

“ನಾ ಯಾಕ ಬರಲಿ? ನನಗ ಎಲ್ಲಾರ ಮುಂದ ಅಂದಾರ. ನೀವೂ ಎಲ್ಲಾರ ಮುಂದ ಹೇಳ್ರಿ” ಎಂದವನೇ ಹೊರಟುಹೋದ.

ನಾಲ್ಕು ಗಂಟೆಗೆ ವಾರದ ಸಭೆ. ಏಳು ಜನ. ಗೋಡೆಯ ಮೇಲೆ ಅವಳ ಐದು ಚುಕ್ಕೆಗಳ ಚಿತ್ರ. ಸುಬ್ಬರಾಯರು, “ಲೇಖನ ಶುಕ್ರವಾರ ಕಳಿಸಿಬಿಡೋಣ, ಸೊಗಸಾಗಿದೆ” ಎಂದಾಗ ಉಮಾಶ್ರೀ ಎದ್ದು ನಿಂತಳು. ಆರನೆಯ ಹರಳಿನ ವಿಷಯವನ್ನೂ ತಾನು ಬರೆದ ಸುಳ್ಳನ್ನೂ ಹೇಳಿದಳು. ‘ಸುಳ್ಳು’ ಎಂಬ ಪದದ ಬದಲು ಮೆತ್ತಗಿನದೊಂದು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

“ಹಾಗಾದರೆ ಈ ಗೆರೆ?” ಎಂದರು ಸುಬ್ಬರಾಯರು.

“ನಿಲ್ಲೋದಿಲ್ಲ ಸರ್.”

ಅವರು ಗೋಡೆಯ ಮೇಲಿನ ಚಿತ್ರ ಆರಿಸಿದರು. ಆಮೇಲೆ, “ಯಾರಾದರೂ ಮಲ್ಲಣ್ಣನವರನ್ನು ಕರೆಯಿರಿ” ಎಂದರು. ಪಕ್ಕದಲ್ಲಿದ್ದ ಸಹವಿದ್ಯಾರ್ಥಿ ದಿನೇಶ ಎದ್ದು ಹೋದ. ಉಮಾಶ್ರೀಗೆ ಕೂತುಕೋ ಎಂದು ಯಾರೂ ಹೇಳಲಿಲ್ಲ. ಅವಳು ನಿಂತೇ ಇದ್ದಳು.