ಏರುಗಾಡಿ, ಇಳಿಗಾಡಿ

ಉಬುಕತಾ ಕಾಂಜಿಯ ಲೆಕ್ಕದಲ್ಲಿ ಲೋಕದಲ್ಲಿ ತನ್ನೊಬ್ಬನನ್ನು ಬಿಟ್ಟು ಮಿಕ್ಕವರೆಲ್ಲ ದಡ್ಡರು. ತಕಾಸಾಕಿಯ ರೈಲು ಕಚೇರಿಯಲ್ಲಿ ಮೂವತ್ತು ವರ್ಷದಿಂದ ಗಾಡಿಗಳ ವೇಳಾಪಟ್ಟಿಯ ಗೆರೆ ಎಳೆಯುತ್ತಿದ್ದ ಮನುಷ್ಯ. ಅಗಲವಾದ ಹಾಳೆ, ಅಡ್ಡಕ್ಕೆ ಗಂಟೆ ನಿಮಿಷ, ಎಡಗಡೆ ಮೇಲಿನಿಂದ ಕೆಳಕ್ಕೆ ನಿಲ್ದಾಣಗಳು, ಗಾಡಿಗೊಂದು ಓರೆ ಗೆರೆ. ಗೆರೆ ಮೇಲಕ್ಕೆ ಹೋದರೆ ಟೋಕಿಯೊ ಕಡೆಗಿನ ಏರುಗಾಡಿ, ಕೆಳಕ್ಕೆ ಬಂದರೆ ಇಳಿಗಾಡಿ, ಮಲಗಿದ್ದರೆ ಗಾಡಿ ನಿಂತಿದೆ. ಇಷ್ಟು ಬಲ್ಲವನು ಮತ್ತೇನನ್ನೂ ಕಲಿಯಬೇಕಾಗಿಲ್ಲ ಎಂದು ತನಗೆ ತಾನೇ ಸರ್ಟಿಫಿಕೇಟು ಕೊಟ್ಟುಕೊಂಡಿದ್ದ.

ಮಗಳು ಮಿನೋರಿ ಹೈಸ್ಕೂಲಿನ ಮೊದಲ ವರ್ಷದ ಭೌತಶಾಸ್ತ್ರದಲ್ಲಿ ಫೇಲಾದಳು. ಅವಳಿಗೆ ಪಶುವೈದ್ಯೆಯಾಗುವ ಆಸೆ. ಮರುಪರೀಕ್ಷೆಯೂ ಕೈಕೊಟ್ಟರೆ ವಿಜ್ಞಾನ ವಿಭಾಗವಿಲ್ಲ, ಪಶುವೈದ್ಯವೂ ಇಲ್ಲ. ಭಾನುವಾರ ಮಧ್ಯಾಹ್ನ ಉದೊನ್ ಶ್ಯಾವಿಗೆ ಹೀರುತ್ತಲೇ ಕಾಂಜಿ ಅವಳ ಪುಸ್ತಕ ಎಳೆದುಕೊಂಡ. ಏರಿ, ಸ್ವಲ್ಪ ದೂರ ಮಲಗಿ, ಮತ್ತೆ ಇಳಿದ ಒಂದು ಗೆರೆ ಅಲ್ಲಿತ್ತು.

“ಥೂ, ಇದಕ್ಕಾ ಫೇಲಾಗಿದ್ದು? ನಮ್ಮ ಆಫೀಸಿನ ಬೆಕ್ಕು ಓದುತ್ತೆ ಇದನ್ನ! ನೋಡು, ಏರುಗಾಡಿ ಹೋಯ್ತು. ಇಲ್ಲಿ ನಿಲ್ತು. ಆಮೇಲೆ ಇಳಿಗಾಡಿಯಾಗಿ ಹೊರಟಲ್ಲಿಗೇ ವಾಪಸ್.”

“ಅಪ್ಪಾ, ಟೀಚರ್ ಬೇರೆ ಥರ ಹೇಳಿದ್ರು...”

“ಯಾರು, ಆ ಹಿರಗಾ ಟೀಚರಾ? ಕಾಲೇಜು ಬಿಟ್ಟು ಎರಡು ವರ್ಷ ಆಗಿಲ್ಲ, ಗಾಡಿ ವಿಷಯ ನನಗೆ ಹೇಳಿಕೊಡ್ತಾಳಾ?” ಎಂದು ಮೂಗಿನಲ್ಲೇ ನಕ್ಕ. ಆ ನಗೆ ಅವನ ಹೆಂಡತಿಯ ಬಾಯನ್ನು ಹದಿನೇಳು ವರ್ಷದಿಂದ ಮುಚ್ಚಿಸಿತ್ತು. ಮಿನೋರಿ ಪುಸ್ತಕ ಮಡಚಿ ಎತ್ತಿಕೊಂಡಳು.

ಮರುಪರೀಕ್ಷೆಯೂ ಹೋಯಿತು, ಒಂದೇ ಒಂದು ಪ್ರಶ್ನೆಯಲ್ಲಿ. ಪೋಷಕರು, ಮಕ್ಕಳು, ಟೀಚರು ಮೂವರೂ ಕೂರುವ ಭೇಟಿಯ ದಿನ ಕಾಂಜಿ ಶಾಲೆಯ ಬಾಗಿಲಲ್ಲಿ ಬೂಟು ಬಿಚ್ಚಿ, ಅತಿಥಿಗಳ ಚಪ್ಪಲಿ ಮೆಟ್ಟಿ, ಟೀಚರಿಗೆ ಪಾಠ ಹೇಳುವ ಹುಮ್ಮಸ್ಸಿನಲ್ಲಿ ಒಳಗೆ ನುಗ್ಗಿದ. ಹಿರಗಾ ಉತ್ತರಪತ್ರಿಕೆ ಮುಂದಿಟ್ಟಳು. ಅದೇ ಥರದ ಗೆರೆ. ಕೊನೆಗೆ ಗಾಡಿ ಹೊರಟಲ್ಲಿಂದ ಎಷ್ಟು ದೂರದಲ್ಲಿದೆ ಎಂಬ ಪ್ರಶ್ನೆಗೆ ಮಿನೋರಿ ಬರೆದದ್ದು ಸೊನ್ನೆ.

“ಸರಿಯಾಗೇ ಇದೆಯಲ್ರೀ! ಹೋಗಿ ವಾಪಸ್ ಬಂತು, ಸೊನ್ನೆ. ನಿಮಗೆ ಗೆರೆ ಓದೋಕೆ ಬರಲ್ವಾ?”

“ಉಬುಕತಾ ಅವರೇ, ಎಡಗಡೆ ಏನಂತ ಬರೆದಿದೆ, ಸ್ವಲ್ಪ ಓದ್ತೀರಾ?”

ಅಂಚಿನಲ್ಲಿ ಬರೆದದ್ದನ್ನು ನೋಡುವುದು ಹೊಸಬರ ಕೆಲಸ ಎಂದು ಕಾಂಜಿ ಎಂದೋ ತೀರ್ಮಾನಿಸಿದ್ದ. ಈಗ ಕನ್ನಡಕ ಸರಿಮಾಡಿಕೊಂಡು ನೋಡಿದ. ‘ವೇಗ’ ಎಂದಿತ್ತು.

“ಇಲ್ಲಿ ನಿಲ್ದಾಣ ಇಲ್ಲ. ಮಲಗಿರೋ ಗೆರೆ ಅಂದ್ರೆ ಗಾಡಿ ಸೆಕೆಂಡಿಗೆ ಇಪ್ಪತ್ತು ಮೀಟರಿನ ಹಾಗೆ ಓಡ್ತಾ ಇದೆ. ನಿಂತಿದೆ ಅಂತ ನೀವು ಇಳಿಯೋಕೆ ಹೋದ್ರೆ ಕಾಲು ಮುರಿಯುತ್ತೆ. ಕೊನೇಲಿ ಅದು ವಾಪಸ್ ಬರ್ತಿಲ್ಲ, ಬ್ರೇಕ್ ಹಾಕಿದೆ, ಅಷ್ಟೇ. ಗೆರೆ ಕೆಳಗಿನ ಜಾಗ ಲೆಕ್ಕ ಹಾಕಿದ್ರೆ ಆರುನೂರು ಮೀಟರ್.”

ಕಾಂಜಿಯ ಕಿವಿ ಕೆಂಪಾಯಿತು. ಆದರೆ ಅಂಥವರಿಗೆ ನಾಚಿಕೆ ಒಂದು ಗಳಿಗೆಯ ಮಾತು. ಮಗಳ ಕಡೆ ತಿರುಗಿದ. “ವೇಗ ಅಂತ ಇಷ್ಟು ದಪ್ಪಕ್ಷರದಲ್ಲಿ ಬರೆದಿದ್ದಾರೆ! ಕಣ್ಣೆಲ್ಲಿ ಇಟ್ಟಿದ್ದೆ?”

ಹಿರಗಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದಳು. ಸೊನ್ನೆಯ ಅಡಿಯಲ್ಲಿ ರಬ್ಬರಿನಿಂದ ಉಜ್ಜಿದ ಪೆನ್ಸಿಲ್ ಗುರುತು ಇನ್ನೂ ಕಾಣುತ್ತಿತ್ತು. ಆರುನೂರು.

“ಮಿನೋರಿ, ಸರಿಯಾದದ್ದನ್ನ ಯಾಕೆ ಅಳಿಸ್ದೆ?”

ಮಿನೋರಿ ಮೇಜು ನೋಡುತ್ತ ಹೇಳಿದಳು: “ಪೇಪರ್ ಮನೆಗೆ ತಗೊಂಡು ಹೋಗಬೇಕು. ಅಪ್ಪ ನೋಡ್ತಾರೆ. ನೋಡಿ ಆ ಥರ ನಗ್ತಾರೆ. ಅದಕ್ಕಿಂತ ಫೇಲಾಗೋದೇ ವಾಸಿ ಅನ್ನಿಸ್ತು.”

“ಅಳಿಸಿದ ಉತ್ತರಕ್ಕೆ ಅಂಕ ಕೊಡೋ ಹಾಗಿಲ್ಲ,” ಎಂದು ಹಿರಗಾ ಕಲಾ ವಿಭಾಗದ ಅರ್ಜಿಯನ್ನು ಕಾಂಜಿಯ ಕಡೆ ಸರಿಸಿದಳು. ಸಹಿಯ ಬದಲು ಪೋಷಕರ ಮೊಹರು ಬೀಳಬೇಕಾಗಿತ್ತು. ಅವನು ಜೇಬಿನಿಂದ ಮೊಹರು ತೆಗೆದು ಒತ್ತಿದ.