ಜೇಬಿನ ನೋಟ್‌ಬುಕ್ಕು

ಸೀತಾರಾಮಪ್ಪ ಮೇಷ್ಟ್ರು ಜೇಬಿನಿಂದ ಆ ಕೆಂಪು ರಟ್ಟಿನ ನೋಟ್‌ಬುಕ್ಕು ತೆಗೆದರೆಂದರೆ ರಂಗಲಕ್ಷ್ಮಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಏನು ಬರೆಯುತ್ತಾರೆ ಈ ಮುದುಕರು? ಯಾರಿಗೆ ತೋರಿಸುತ್ತಾರೆ?

ಹಿಂದೂಪುರದ ಮಗ್ಗದ ಬೀದಿಯ ಪಕ್ಕದ ಕನ್ನಡ ಶಾಲೆಗೆ ಆಕೆ ಹೆಡ್‌ಮಿಸ್ಟ್ರೆಸ್ಸಾಗಿ ಬಂದು ನಾಲ್ಕು ತಿಂಗಳಾಗಿತ್ತು. ಅದು ಎಂಬತ್ತೇಳನೇ ಇಸವಿ. ಹೊಸದಾಗಿ ಬಡ್ತಿ ಪಡೆದವರಿಗೆ ಕೆಲಸ ಕಲಿಸಲು ನಿವೃತ್ತ ಹೆಡ್‌ಮೇಷ್ಟ್ರೊಬ್ಬರು ವಾರಕ್ಕೆರಡು ದಿನ ಜೊತೆಗಿರಬೇಕೆಂದು ಮೇಲಿನ ಆಫೀಸಿನಿಂದ ಆರ್ಡರ್ ಬಂದಿತ್ತು. ಹಾಗೆ ಬಂದವರೇ ಈ ಮೇಷ್ಟ್ರು. ಕಲಿಸುತ್ತಾರಂತೆ ಕಲಿಸುತ್ತಾರೆ! ಕಲ್ಯಾಣದುರ್ಗದಲ್ಲಿ ಹದಿನಾಲ್ಕು ವರ್ಷ ಪಾಠ ಮಾಡಿದವಳಿಗೆ ಇನ್ನೇನು ಕಲಿಸುವುದು? ಅಲ್ಲಿಯೂ ಹೀಗೇ ಸಹಾಯಕ್ಕೆಂದು ಬಂದವನೊಬ್ಬ ದಿನಾ ನಗುನಗುತ್ತ ಕಾಫಿ ಕುಡಿದು, ಹಿಂದಿನಿಂದ ವರದಿ ಬರೆದು, ಹೆಡ್‌ಮೇಷ್ಟ್ರನ್ನು ಎತ್ತಂಗಡಿ ಮಾಡಿಸಿದ್ದ. ಆಕೆ ಅದನ್ನು ಕಣ್ಣಾರೆ ಕಂಡಿದ್ದಳು.

ಈಗ ಆಕೆಯ ಕುರ್ಚಿಯೇ ಅಲ್ಲಾಡುತ್ತಿತ್ತು. ಇನ್‌ಸ್ಪೆಕ್ಷನ್ ದಿನ ಏಳನೇ ಕ್ಲಾಸಿನಲ್ಲಿ ಇಪ್ಪತ್ತು ಮಕ್ಕಳು ಕೂತಿರಬೇಕು. ಒಂದು ತಲೆ ಕಡಿಮೆಯಾದರೂ ಕ್ಲಾಸು ಮುಚ್ಚುತ್ತದೆ, ಅದರ ಜೊತೆಗೆ ಹೆಡ್‌ಮಿಸ್ಟ್ರೆಸ್ ಹುದ್ದೆಯೂ ಹೋಗುತ್ತದೆ. ಮೇಷ್ಟ್ರೋ, ಬಂದ ದಿನವೆಲ್ಲ ಆ ಕ್ಲಾಸಿನ ಬಾಗಿಲಲ್ಲಿ ನಿಂತು ತಲೆ ಎಣಿಸುತ್ತಿದ್ದರು. “ಇವತ್ತು ಯಾರ ಮನೇಲಿ ಹಾಸು?” ಎಂದು ಮಕ್ಕಳನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಕಂಡವರ ಮನೆಯ ಮಗ್ಗಕ್ಕೆ ನೂಲು ಏರಿಸುವ ಸುದ್ದಿ ಇವರಿಗೇಕೆ?

“ಅಮ್ಮಾ, ಒಂದ್ಸಲ ಮಗ್ಗದ ಬೀದೀಗೆ ಹೋಗ್ಬನ್ನಿ. ಇಲ್ಲಿ ನಾನು ನೋಡ್ಕಂತೀನಿ,” ಎಂದು ಅವರು ಮೂರು ಸಲ ಹೇಳಿದ್ದರು.

ಅಟೆಂಡರ್ ಗಂಗುಲಪ್ಪ ಕಿವಿ ಊದಿದ. “ನಿಮ್ಮುನ್ನ ಆಚೆ ಕಳಿಸ್ಬುಟ್ಟು ರಿಜಿಸ್ಟರ್ ನೋಡಾನ ಅಂತ ಕಣಮ್ಮ. ಜಾಗ್ರತ್ತ.”

ಆಕೆಗೂ ಹಾಗೇ ಅನ್ನಿಸಿತ್ತು. ಬೀದಿಗೆ ಹೋಗಲಿಲ್ಲ. ಬದಲಿಗೆ, ಈ ಮನುಷ್ಯ ಕೆಲಸಕ್ಕೆ ಅಡ್ಡಿ ಮಾಡುತ್ತಾನೆಂದು ಆಫೀಸಿಗೆ ಕಾಗದ ಬರೆದಳು. ಸೋಮವಾರ ಉತ್ತರ ಬಂತು. ಸೀತಾರಾಮಪ್ಪನವರು ಇನ್ನು ಶಾಲೆಗೆ ಬರಬೇಕಾಗಿಲ್ಲ. ಮೇಷ್ಟ್ರು ಆರ್ಡರ್ ಓದಿ, ಮಡಿಸಿ, ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡು ಹೊರಟುಹೋದರು. ಪೀಡೆ ತೊಲಗಿತೆಂದು ಆಕೆ ಕಾಫಿ ತರಿಸಿ ಕುಡಿದಳು.

ಬುಧವಾರ ಇನ್‌ಸ್ಪೆಕ್ಷನ್. ಹತ್ತು ಗಂಟೆಗೆ ಎಣಿಸಿದರೆ ಹದಿನೆಂಟು. ಮತ್ತೆ ಎಣಿಸಿದಳು, ಹದಿನೆಂಟೇ. ಗೇಟಿನ ಹತ್ತಿರ ಜೀಪಿನ ಸದ್ದು ಕೇಳಿಸಿತು. ಅಷ್ಟರಲ್ಲಿ ನೇಕಾರರ ರಾಮಾಂಜಿನಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಎಳೆದುಕೊಂಡು ಬಂದು ಒಳಗೆ ಕೂರಿಸಿದಳು. ಸಾಹೇಬರು ಇಪ್ಪತ್ತು ಎಣಿಸಿ, ರಿಜಿಸ್ಟರಿಗೆ ಸಹಿ ಹಾಕಿ ಹೋದರು.

ರಾಮಾಂಜಿನಮ್ಮ ಜಗಲಿಯಲ್ಲೇ ಕೂತಿದ್ದಳು.

“ದಿನಾ ಯಾಕೆ ಹೀಗೆ ಕಳಿಸಲ್ಲ?” ಎಂದಳು ರಂಗಲಕ್ಷ್ಮಮ್ಮ.

“ಮಗ್ಗಕ್ಕೆ ಹೊಸ ಹಾಸು ಏರಿಸೋ ದಿನ ಹಳೇ ಎಳೇಗೆ ಹೊಸಾ ಎಳೆ ಸೇರಿಸ್ಬೇಕು ಕಣಮ್ಮ. ಸಾವಿರಾರು ಎಳೆ. ಹುಡುಗೀರ್ನ ಬಿಟ್ರೆ ಯಾರವ್ರೆ? ಇವತ್ತೂ ಕಳಿಸ್ತಿರಲಿಲ್ಲ. ಬೆಳಿಗ್ಗೇನೇ ಸೀತಾರಾಮಪ್ಪ ಮೇಷ್ಟ್ರು ಬಂದು, ಅವರ್ನ ಕಳಿಸು, ಎಳೆ ನಾನು ಸೇರಿಸ್ತೀನಿ ಅಂತ ಕುಂತ್ಬುಟ್ರು. ಅವರೂ ಮಗ್ಗದ ಮನೆಯೋರೇ ಅಲ್ವಾ.”

ರಂಗಲಕ್ಷ್ಮಮ್ಮ ಅವಳ ಜೊತೆ ಮೊದಲ ಸಲ ಆ ಬೀದಿಗೆ, ಅವಳ ಮನೆಗೆ ಹೋದಳು. ಮೇಷ್ಟ್ರು ಮಗ್ಗದ ಮುಂದೆ ಬೆನ್ನು ಬಗ್ಗಿಸಿ ಕೂತು, ಕನ್ನಡಕ ಮೂಗಿನ ತುದಿಗೆ ಇಳಿದಿದ್ದರೂ ಎಳೆ ಹೊಸೆಯುತ್ತಿದ್ದರು.

“ಎಷ್ಟಮ್ಮ?”

“ಇಪ್ಪತ್ತು.”

ಅವರು ತಲೆಯಾಡಿಸಿದರು. ಆಕೆಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. “ಮೇಷ್ಟ್ರೇ, ಆ ಕಾಗದ ತಪ್ಪು ಅಂತ ನಾನೇ ಬರೀತೀನಿ. ನಾಳೆಯಿಂದ ಬನ್ನಿ.”

“ಬ್ಯಾಡ ಬಿಡಮ್ಮ. ಮಗಳು ಗೋರಂಟ್ಲಕ್ಕೆ ಕರೀತಾವಳೆ, ಸಾಯಂಕಾಲದ ಬಸ್ಸಿಗೆ ಹೋಯ್ತೀನಿ.” ಜೇಬಿನಿಂದ ನೋಟ್‌ಬುಕ್ಕು ತೆಗೆದು ಚಾಚಿದರು. “ಯಾವ ಮನೇಲಿ ಯಾವತ್ತು ಹಾಸು ಅಂತ ಬರ್ದಿದೀನಿ. ನಾಳೆ ಪೋತಪ್ಪನ ಮನೆ. ಹಿಂದಿನ ದಿನಾನೇ ಹೋಗಿ ಮಾತಾಡಿದ್ರೆ ಒಂದು ಮಗೂನಾದ್ರೂ ಬಿಡ್ತಾರೆ.”

ನಾಲ್ಕು ತಿಂಗಳು ಒಳಗೇನಿದೆಯೆಂದು ಒದ್ದಾಡಿದ್ದ ಪುಸ್ತಕ ಆಕೆಯ ಕೈಯಲ್ಲಿತ್ತು. ತೆರೆದು ನೋಡಲು ಧೈರ್ಯ ಬರಲಿಲ್ಲ. ಅದನ್ನು ಸೆರಗಿಗೆ ಸಿಕ್ಕಿಸಿಕೊಂಡು, ಪೋತಪ್ಪನ ಮನೆ ಯಾವುದೆಂದು ರಾಮಾಂಜಿನಮ್ಮನನ್ನು ಕೇಳಿದಳು.