ಮಸ್ಕತ್ತಿಗೆ ಹೋದ ಮದುವೆ ಕಾರ್ಡು

ಮಸ್ಕತ್ತಿನಲ್ಲಿ ಮನೆಗೆಲಸ ಮಾಡುವ ಹೆಂಗಸೊಬ್ಬಳು ಇಪ್ಪತ್ತೈದು ದಿನದ ಮಟ್ಟಿಗೆ ಸೊರಬ ತಾಲ್ಲೂಕಿನ ಉಳವಿಗೆ ಬಂದು ಹೋಗಬೇಕೆಂದರೆ ಎಷ್ಟು ಖರ್ಚು? ಶಿಕಾರಿಪುರದ ಬಸ್ ಸ್ಟ್ಯಾಂಡ್ ಹತ್ತಿರ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇಟ್ಟಿರುವ ನೀಲಾಂಬಿಕಳನ್ನು ಕೇಳಿದರೆ ಪೆನ್ನು ಹಿಡಿಯದೆ ಹೇಳುತ್ತಾಳೆ. ವಿಮಾನಕ್ಕೆ ಹೋಗಿ ಬರಲು ಮೂವತ್ತೊಂದು ಸಾವಿರ. ಬೆಂಗಳೂರಿನಿಂದ ಇಲ್ಲಿಯವರೆಗೆ ಬಸ್ಸಿಗೆ ಏಳುನೂರು. ಛಾಪಾ ಕಾಗದ ನೂರು, ನೋಟರಿ ಮುನ್ನೂರು, ಮಸ್ಕತ್ತಿಗೆ ಕೊರಿಯರ್ ಎರಡು ಸಾವಿರದ ನಾನೂರು. ಮದುವೆ ಕಾರ್ಡನ್ನು ಇಂಗ್ಲಿಷಿಗೆ ಮಾಡಿದ್ದು ಎರಡು ಪುಟ. ಗುರುತಿನವರೆಂದು ಅದಕ್ಕೆ ಅವಳು ಕಾಸು ಮುಟ್ಟಲಿಲ್ಲ. ಆ ಪುಕ್ಕಟೆ ಕೆಲಸವೇ ಎಲ್ಲಕ್ಕಿಂತ ದುಬಾರಿ ಬಿತ್ತು.

ಹೂವಮ್ಮ ಮೊದಲು ನೀಲಾಂಬಿಕಳ ಮನೆಯಲ್ಲೇ ಕೆಲಸಕ್ಕಿದ್ದವಳು. ಗಂಡ ತೀರಿಕೊಂಡ ಮೇಲೆ ಮಗಳು ಸುಷ್ಮಿತಾಳನ್ನು ಉಳವಿಯ ತಮ್ಮನ ಮನೆಯಲ್ಲಿ ಬಿಟ್ಟು ಮಸ್ಕತ್ತಿಗೆ ಹೊರಟಾಗ ಪಾಸ್‌ಪೋರ್ಟಿನ ಅರ್ಜಿ ತುಂಬಿಕೊಟ್ಟಿದ್ದೂ ನೀಲಾಂಬಿಕಳೇ. ಆಮೇಲೆ ಒಂದು ತಿಂಗಳು ಪಾತ್ರೆ ತಾನೇ ಉಜ್ಜುತ್ತಾ ತನ್ನ ಒಳ್ಳೆಯತನಕ್ಕೆ ತಾನೇ ಬೈದುಕೊಂಡಿದ್ದಳು. ಅದಾಗಿ ಆರು ವರ್ಷ. ನಡುವೆ ಹೂವಮ್ಮ ಊರಿಗೆ ಬಂದಿದ್ದು ಒಂದೇ ಸಲ, ಅದೂ ನಾಲ್ಕು ವರ್ಷದ ಹಿಂದೆ, ಹದಿನೈದು ದಿನಕ್ಕೆ. ಈಗ ಸುಷ್ಮಿತಾಳಿಗೆ ಸೊರಬದ ಹುಡುಗನ ಜೊತೆ ಮದುವೆ ಗೊತ್ತಾಗಿತ್ತು. ಮೇ ಹನ್ನೊಂದು, ಭಾನುವಾರ. ಅವ್ವ ಬರದಿದ್ದರೆ ತಾನು ಹಸೆಮಣೆ ಹತ್ತುವುದಿಲ್ಲ ಎಂದು ಹುಡುಗಿ ಹಟ ಹಿಡಿದು ಕೂತಿದ್ದಳು.

ಬರುವುದು ಹೂವಮ್ಮನ ಕೈಯಲ್ಲಿರಲಿಲ್ಲ. ಅವಳ ಪಾಸ್‌ಪೋರ್ಟ್ ಇದ್ದದ್ದು ಕೆಲಸದ ಮನೆಯ ಜಮೀಲಾ ಮೇಡಂ ಬೀರುವಿನಲ್ಲಿ. ಮೇಡಂ ಕೆಟ್ಟವಳೇನಲ್ಲ. ಆದರೆ ಹೂವಮ್ಮನಿಗಿಂತ ಮೊದಲಿದ್ದ ಕೆಲಸದವಳು ತಾಯಿ ಸತ್ತಳೆಂದು ಒಂದು ಸಲ ರಜೆ ಹಾಕಿದಳು. ಮರುವರ್ಷ ಅದೇ ತಾಯಿ ಇನ್ನೊಂದು ಸಲ ಸತ್ತಳು. ಎರಡನೇ ಸಾವಿಗೆ ಹೋದ ಮಗಳು ತಿರುಗಿ ಬರಲಿಲ್ಲ. ಅಲ್ಲಿಂದ ಮೇಡಂಗೆ ಬಾಯಿಮಾತಿನ ಮೇಲೆ ನಂಬಿಕೆ ಹೋಯಿತು. ಮದುವೆ ಇದ್ದರೆ ಮದುವೆಯ ಕಾಗದ ತೋರಿಸು, ನನಗೆ ಓದಲು ಬರುವ ಭಾಷೆಯಲ್ಲಿರಲಿ, ಸೀಲು ಇರಲಿ, ಫೋನಿನಲ್ಲಿ ಕಳಿಸಿದ ಫೋಟೋ ಬೇಡ ಎಂದಿದ್ದಳು.

ಹಾಗಾಗಿ ಮಾರ್ಚಿ ತಿಂಗಳಲ್ಲಿ ಒಂದು ಮಧ್ಯಾಹ್ನ ಹೂವಮ್ಮನ ತಮ್ಮ ಗಿರೀಶ, ಕುರಿಗಳನ್ನು ಹೆಂಡತಿಗೆ ಒಪ್ಪಿಸಿ, ಎರಡು ಬಸ್ಸು ಬದಲಿಸಿ ಅಂಗಡಿಗೆ ಬಂದ. ಕೈಯಲ್ಲಿ ಆಗಷ್ಟೇ ಅಚ್ಚಾದ ಕಾರ್ಡು.

"ಅಕ್ಕಾರೇ, ಇದನ್ನ ಇಂಗ್ಲಿಷಿಗೆ ಮಾಡಿ ಒಂದು ಸೀಲು ಹೊಡೆಸಿಕೊಡಿ. ದೊಡ್ಡ ಸೀಲು ಇರಲಿ."

ನೀಲಾಂಬಿಕಳ ಗಂಡ ಮಹೇಶ್ವರಪ್ಪ ಬದುಕಿದ್ದಾಗ ಮೂವತ್ತು ವರ್ಷ ತಾಲ್ಲೂಕು ಕಚೇರಿ ಎದುರು ಟೈಪ್ ಮಾಡಿದವನು. ಅವನದೊಂದು ಕಟ್ಟುನಿಟ್ಟಿತ್ತು: ಭಾಷಾಂತರ ಮಾಡುವಾಗ ಒಂದಕ್ಷರ ಬಿಡಬಾರದು, ಬಿಟ್ಟ ಜಾಗಕ್ಕೇ ಆಫೀಸಿನವರು ಬೆರಳಿಟ್ಟು ಅರ್ಜಿ ವಾಪಸ್ ಕಳಿಸುತ್ತಾರೆ. ನೀಲಾಂಬಿಕ ಅದೇ ದಾರಿ ಹಿಡಿದಳು. ಮೇಲಿನ ದೇವರ ಹೆಸರಿನಿಂದ ಹಿಡಿದು ಕೆಳಗಿನ ಪ್ರಿಂಟಿಂಗ್ ಪ್ರೆಸ್ಸಿನ ಫೋನ್ ನಂಬರಿನವರೆಗೆ ಇಳಿಸಿದಳು. "ತಾವು ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ" ಎಂಬುದನ್ನು ಇಳಿಸಿದಳು. ಪರಿವಾರಕ್ಕೆ ಇಂಗ್ಲಿಷಿನಲ್ಲಿ ಏನೆಂದು ತಿಳಿಯದೆ ಮೊಬೈಲಿನಲ್ಲಿ ಹುಡುಕಿ, ರಾಜರ ಹಿಂದೆ ಬರುವ ಆಳುಕಾಳಿಗೆ ಹೇಳುವ ಶಬ್ದವನ್ನೇ ಹಾಕಿದಳು. "ಆಶೀರ್ವಾದವೇ ಉಡುಗೊರೆ" ಎಂಬುದನ್ನೂ ಬಿಡಲಿಲ್ಲ.

ಕವರಿಗೆ ಹಾಕುವಾಗ ಗಿರೀಶ ತಡೆದ. "ಹೆಸರು ಬರೀಲಿಲ್ಲವಲ್ಲ?"

"ಯಾರ ಹೆಸರು? ಇದು ರಜೆಗೆ ಕೊಡೋ ಕಾಗದ ಕಣೋ."

"ಕಾಗದ ಆಗಿರಬಹುದು, ಹೋಗ್ತಿರೋದು ಮದುವೆ ಕಾರ್ಡು. ಹೆಸರು ಬರೀದೆ ಕಾರ್ಡು ಕೊಟ್ರೆ ಬರಬ್ಯಾಡ ಅಂದಂಗೆ. ಆರು ವರ್ಷ ನಮ್ಮಕ್ಕನಿಗೆ ಅನ್ನ ಹಾಕಿದೋರು ಅವರು."

ನೀಲಾಂಬಿಕಳಿಗೂ ಹೌದೆನಿಸಿತು. "ಶ್ರೀಮತಿ ಜಮೀಲಾ ಮತ್ತು ಕುಟುಂಬದವರಿಗೆ" ಎಂದು ಎರಡು ಭಾಷೆಯಲ್ಲಿ ಬರೆದಳು. ಗಿರೀಶ ಜೇಬಿನಿಂದ ಪೊಟ್ಟಣ ತೆಗೆದು ಕಾರ್ಡಿನ ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ. ನೋಟರಿ ವೀರಬಸಪ್ಪ ವಕೀಲರು ಕನ್ನಡಕ ಏರಿಸಿ, "ಇಪ್ಪತ್ತೆಂಟು ವರ್ಷದಾಗೆ ಜಮೀನು, ಸಾಲ, ಗಂಡ ಹೆಂಡ್ತಿ ಬಿಡೋ ಸೋಡಚೀಟಿ ಎಲ್ಲಕ್ಕೂ ಸೀಲು ಹೊಡೆದೀನಿ. ಮದುವೆಗೆ ಕರೆಯೋದಕ್ಕೆ ಹೊಡೀತಿರೋದು ಇದೇ ಮೊದಲು ಕಣವ್ವ" ಎಂದು ಕೆಂಪು ಸೀಲು ಒತ್ತಿದರು.

ಹನ್ನೆರಡನೇ ದಿನಕ್ಕೆ ಹೂವಮ್ಮನ ಫೋನು ಬಂತು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಮಾತಾಡುತ್ತಿದ್ದಳು.

"ಅಕ್ಕಾರೇ, ಎಂಥ ಕಾಗದ ಕಳಿಸಿದ್ರಿ?"

"ಯಾಕೆ, ಸೀಲು ಸರಿಯಾಗಿ ಬಿದ್ದಿಲ್ವಾ?"

"ಸೀಲು ಸರಿಯಾಗೇ ಬಿದ್ದೈತೆ. ಅದೇ ಕಷ್ಟ. ಮೇಡಮ್ಮ ಬರ್ತಾರಂತೆ!"

"ಎಲ್ಲಿಗೆ?"

"ಉಳವಿಗೆ! ಅವರು, ಅವರ ತಾಯಿ, ಇಬ್ಬರು ಮಕ್ಕಳು. ಮನೆ ಕೆಲಸದೋಳು ಹೆಸರು ಬರೆದು, ಸರ್ಕಾರದ ಮುದ್ರೆ ಹಾಕಿಸಿ, ಬಂಗಾರದ ಬಣ್ಣ ಹಚ್ಚಿ ಕರೆದಿದಾಳೆ, ಹೋಗದಿದ್ರೆ ಮರ್ಯಾದೆ ಅಲ್ಲ ಅಂತ ಆ ಮುದುಕಮ್ಮ ಕೂತುಬಿಟ್ಟೈತೆ. ಉಡುಗೊರೆ ತರಬಾರದು ಅಂತ ಬೇರೆ ಬರೆದಿದಾರಲ್ಲ, ಅದು ಕಾನೂನಾ ಅಂತ ಕೇಳ್ತಿದಾರೆ. ಅದನ್ಯಾಕೆ ಬರೆದ್ರಿ ಅಕ್ಕಾರೇ? ಒಂದು ಬಳೆನಾದ್ರೂ ಬರ್ತಿತ್ತು."

"ಬರಲಿ ಬಿಡೇ, ನಾಲ್ಕು ಎಲೆ ಹೆಚ್ಚು ಹಾಕಿದ್ರಾಯ್ತು."

"ಮಕ್ಕಳ ಶಾಲೆ ಮುಗಿಯೋದು ಜೂನ್ ಹದಿನೈದರ ಮೇಲೆ. ಎಲ್ಲಾ ಒಟ್ಟಿಗೆ ಹೋಗೋಣ, ನಿನಗೆ ಬೇರೆ ಟಿಕೆಟ್ ಯಾಕೆ, ಮದುವೆ ಒಂದು ತಿಂಗಳು ಮುಂದೆ ಹಾಕಿಸು ಅಂತಾರೆ."

ನೀಲಾಂಬಿಕ ಕುರ್ಚಿಗೆ ಒರಗಿದಳು. ಮುಹೂರ್ತ ಇಟ್ಟಾಗಿತ್ತು, ಕಲ್ಯಾಣ ಮಂಟಪಕ್ಕೆ ಮುಂಗಡ ಕೊಟ್ಟಾಗಿತ್ತು, ಅರ್ಧ ತಾಲ್ಲೂಕಿಗೆ ಕಾರ್ಡು ಹಂಚಿಯಾಗಿತ್ತು. ಮದುವೆ ಮುಂದೆ ಹೋಗುವ ಮಾತಿಲ್ಲ. ಮೇಡಂ ಲೆಕ್ಕದಲ್ಲಿ ನಡೆದರೆ ಹೂವಮ್ಮ ಬಂದಿಳಿಯುವಷ್ಟರಲ್ಲಿ ಮಗಳಿಗೆ ತಾಳಿ ಕಟ್ಟಿ ನಲವತ್ತು ದಿನವಾಗಿರುತ್ತದೆ.

"ಹಂಗಾದ್ರೆ ನಿಜ ಹೇಳಿಬಿಡು. ಅದು ಎಲ್ಲಾ ಕಾರ್ಡಲ್ಲೂ ಬರೆಯೋ ಮಾತು, ಪದ್ಧತಿಗೆ ಕರೆದಿದ್ದು ಅಂತ."

"ಅಯ್ಯೋ ಬ್ಯಾಡ್ರಿ! ಕರೆದಿದ್ದು ಸುಳ್ಳು ಅಂದ್ರೆ ಮದುವೇನೂ ಸುಳ್ಳು ಅಂತಾರೆ. ಹಿಂದಿನೋಳ ತಾಯಿ ಎರಡು ಸಲ ಸತ್ತಿದ್ದನ್ನ ಇವತ್ತಿಗೂ ಮರೆತಿಲ್ಲ ಅವರು." ಹೂವಮ್ಮನ ದನಿ ಸಣ್ಣಗಾಯಿತು. "ಮಗಳ ಮದುವೆ ಫೋನಲ್ಲೇ ನೋಡಬೇಕೇನೋ ಅಕ್ಕಾರೇ."

ನೀಲಾಂಬಿಕ ಫೋನು ಕೆಳಗಿಟ್ಟಳು. ಪುಟ ಟೈಪ್ ಮಾಡಿದ ಕೈ ತನ್ನದು. ಪರಿವಾರದ ಸಾಲು ಒಂದನ್ನು ಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಗೋಡೆಯ ಮೇಲಿದ್ದ ಗಂಡನ ಫೋಟೋ ಕಡೆ ತಿರುಗಿ, "ನಿಮ್ಮ ಕಟ್ಟುನಿಟ್ಟು ನೋಡ್ರಿ ಎಲ್ಲಿಗೆ ತಂದಿತು" ಎಂದಳು.

ಎರಡು ದಿನ ಯೋಚಿಸಿದಳು. ಮೂರನೇ ದಿನ ಗಿರೀಶನನ್ನು ಕರೆಸಿದಳು.

"ಬೀಗರ ಊಟ ಯಾವಾಗ?"

"ಮದುವೆ ಆಗಿ ಮೂರನೇ ದಿನ. ಅದನ್ನೂ ಕೇಳ್ತೀರಾ?"

"ಜೂನ್ ಇಪ್ಪತ್ತಕ್ಕೆ ಹಾಕು."

ಗಿರೀಶ ಬಾಯಿ ತೆರೆದ. "ಒಂದೂವರೆ ತಿಂಗಳಿಗೆ ಬೀಗರ ಊಟ ಯಾರಾದ್ರೂ ಹಾಕ್ತಾರಾ? ಬೀಗರು ಹಸಿದು ಸಾಯ್ತಾರೆ."

"ನಿನ್ನ ಮದುವೇದು ಯಾವಾಗ ಹಾಕಿದ್ರಿ? ಕುರಿ ಬಯಲುಸೀಮೆಗೆ ಹೋಗಿದ್ದಾವೆ, ಹಿಂಡು ವಾಪಸ್ ಬರಲಿ ಅಂತ ದೀಪಾವಳಿ ದಾಟಿಸಿದ್ರಿ. ನಿಮ್ಮ ಮಾವ ನನ್ನ ಅಂಗಡಿಗೇ ಬಂದು ಗೊಣಗಿದ್ದು ನೆನಪೈತೆ. ಈಗ್ಲೂ ಹಿಂಡು ಬಂದಿಲ್ಲ ಅಂತ ಹೇಳು."

"ಹಿಂಡು ಮನೆ ಹಿತ್ತಲಲ್ಲೇ ಐತೆ. ಸೊರಬಕ್ಕೆ ಕೂಗು ಕೇಳುತ್ತೆ."

"ಹಂಗಾದ್ರೆ ಪರದೇಶದಿಂದ ದೊಡ್ಡ ನೆಂಟರು ಬರ್ತಾರೆ, ಅವರಿಗೋಸ್ಕರ ಕಾಯ್ತಿದೀವಿ ಅನ್ನು. ಬೀಗರೇ ಎದೆ ಉಬ್ಬಿಸಿ ಕಾಯ್ತಾರೆ. ಆಷಾಢ ಹಿಡಿಯೋಕೆ ಮೊದಲು ಮುಗಿದ್ರಾಯ್ತಲ್ಲ."

ಗಿರೀಶ ತಲೆ ಕೆರೆದುಕೊಂಡ. ಬೀಗರು ಎದೆ ಉಬ್ಬಿಸುವ ಮಾತು ಅವನಿಗೂ ಹಿಡಿಸಿತು.

ಆಮೇಲೆ ನೀಲಾಂಬಿಕ ಇನ್ನೊಂದು ಪುಟ ಟೈಪ್ ಮಾಡಿದಳು. ಮದುವೆಗಿಂತ ದೊಡ್ಡ ಮರ್ಯಾದೆಯ ಊಟ ಇದು, ಹತ್ತಿರದವರನ್ನು ಮಾತ್ರ ಕರೆಯುವುದು, ತಾವು ಮಕ್ಕಳ ರಜೆಯಲ್ಲಿ ಇದಕ್ಕೇ ಬರಬೇಕು. ಕೊನೆಯಲ್ಲಿ ನಿಜವಾದ ವಿಷಯ ಇಟ್ಟಳು: ಅತಿಥಿಗಳು ಬಂದಾಗ ಮನೆಯೊಡತಿ ಬಾಗಿಲಲ್ಲಿ ನಿಂತು ಕಾಲಿಗೆ ನೀರು ಕೊಡಬೇಕು. ಅತಿಥಿಗಳ ಜೊತೆಯಲ್ಲೇ ಅವಳೂ ಬಂದಿಳಿದರೆ ನಿಮ್ಮನ್ನು ಎದುರುಗೊಳ್ಳುವವರು ಯಾರು? ಆದ್ದರಿಂದ ಹೂವಮ್ಮ ಮದುವೆಗೇ ಮುಂಚಿತವಾಗಿ ಬಂದು, ನೀವು ಬರುವವರೆಗೆ ಮನೆಯಲ್ಲಿರುವುದು ಕ್ರಮ.

ವೀರಬಸಪ್ಪ ವಕೀಲರು ಓದಿ ನಕ್ಕರು. "ಇದಕ್ಕೂ ಸೀಲಾ? ಇದರಾಗೆ ಕಾನೂನು ಎಲ್ಲೈತವ್ವ?"

"ಒತ್ತಿ ಸಾರ್. ಅವರಿಗೆ ನಿಮ್ಮ ಸೀಲಿನ ಮೇಲೆ ಬಹಳ ನಂಬಿಕೆ."

ಉತ್ತರ ಬಂದಿದ್ದು ಏಪ್ರಿಲ್ ಕೊನೆಗೆ. ಆ ದಿನಗಳಲ್ಲಿ ನೀಲಾಂಬಿಕ ಊಟಕ್ಕೆ ಕೂತರೂ ಮೊಬೈಲನ್ನು ತಟ್ಟೆ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದಳು. ಹೂವಮ್ಮ ಈ ಸಲ ನಲ್ಲಿ ಬಿಟ್ಟುಕೊಳ್ಳದೆ ಮಾತಾಡಿದಳು. "ಮುದುಕಮ್ಮ ಮಗಳಿಗೇ ಬೈದ್ರು ಅಕ್ಕಾರೇ! ಕರೆದೋಳನ್ನ ಮನೇಲಿ ಇಟ್ಕೊಂಡು ಅವಳ ಮನೆಗೆ ಊಟಕ್ಕೆ ಹೋಗ್ತೀಯಾ, ನಾಚಿಕೆ ಆಗಲ್ವಾ ಅಂದ್ರು. ಪಾಸ್‌ಪೋರ್ಟ್ ಕೊಟ್ರು. ಮೇ ಐದಕ್ಕೆ ಇಳೀತೀನಿ. ಆದ್ರೆ ಇಪ್ಪತ್ತೈದು ದಿನದ ಮೇಲಿದ್ದಷ್ಟಕ್ಕೂ ಸಂಬಳ ಇಲ್ಲವಂತೆ."

"ಬಾ ಮೊದಲು," ಎಂದಳು ನೀಲಾಂಬಿಕ.

ಹೂವಮ್ಮ ಬಂದಳು. ಮೇ ಹನ್ನೊಂದಕ್ಕೆ ಸುಷ್ಮಿತಾ ಹಸೆಮಣೆ ಹತ್ತಿದಾಗ ತಾಯಿ ಎದುರಲ್ಲೇ ನಿಂತಿದ್ದಳು. ತಾಯಿ ಮಗಳು ಇಬ್ಬರೂ ಎಷ್ಟು ಅತ್ತರೆಂದರೆ ಫೋಟೋಗ್ರಾಫರ್ ಎರಡು ಸಲ ಕ್ಯಾಮೆರಾ ಇಳಿಸಿ, "ಸ್ವಲ್ಪ ನಗ್ರವ್ವಾ, ಆಲ್ಬಂ ಒದ್ದೆ ಆಗುತ್ತೆ" ಎಂದ.

ಇತ್ತ ನೀಲಾಂಬಿಕಳಿಗೆ ಕೆಲಸ ಈಗ ಶುರುವಾಯಿತು. ಮೇಡಂ ವೀಸಾ ಅರ್ಜಿಯಲ್ಲಿ ಭಾರತದಲ್ಲಿ ಗುರುತಿನವರು ಎಂದು ಅವಳ ಹೆಸರನ್ನೇ ಕೊಟ್ಟಿದ್ದಳು. ಮುದುಕಮ್ಮನ ಫೋಟೋ ಮೂರು ಸಲ ತಿರಸ್ಕಾರವಾಗಿ, ಪ್ರತಿ ಸಲವೂ ಅದನ್ನು ಅಳತೆಗೆ ಕತ್ತರಿಸಿ ಕಳಿಸಿದ್ದು ಶಿಕಾರಿಪುರದ ಇದೇ ಕಂಪ್ಯೂಟರಿನಿಂದ. ಉಳವಿಯ ಮನೆ ಚಿಕ್ಕದೆಂದು ಅವರು ಇಳಿದುಕೊಳ್ಳುವುದೂ ನೀಲಾಂಬಿಕಳ ಮನೆಯಲ್ಲೇ ಎಂದಾಯಿತು. ಪರದೇಶದವರನ್ನು ಮನೆಯಲ್ಲಿ ಇಳಿಸಿಕೊಂಡರೆ ಪೊಲೀಸರಿಗೆ ತಿಳಿಸಬೇಕು, ಅದಕ್ಕೊಂದು ಫಾರಂ. ಅದನ್ನು ಆನ್‌ಲೈನಿನಲ್ಲಿ ತುಂಬಿ, ಧೈರ್ಯ ಸಾಲದೆ ಠಾಣೆಗೂ ಹೋದಳು. ಅಲ್ಲಿ ಲೋಕಪ್ಪ ಎನ್ನುವ ಹಿರಿಯ ಕಾನ್‌ಸ್ಟೇಬಲ್ ಪುಸ್ತಕ ತೆರೆದ.

"ಇವರು ನಿಮಗೆ ಏನಾಗ್ಬೇಕ್ರಿ?"

"ನಮ್ಮ ಮನೇಲಿ ಪಾತ್ರೆ ತೊಳೀತಿದ್ದೋಳು ಈಗ ಅವರ ಮನೇಲಿ ತೊಳೀತಾಳೆ. ಅದಕ್ಕೆ ಯಾವ ನೆಂಟಸ್ತಿಕೆ ಅಂತಾರೋ ನೀವೇ ಬರ್ಕೊಳ್ಳಿ."

ಲೋಕಪ್ಪ ಪೆನ್ನು ಕಚ್ಚಿಕೊಂಡು ಯೋಚಿಸಿದ. "ಬೀಗರು ಅಂತ ಹಾಕ್ಲಾ?"

"ಹಾಕಿ. ಊಟ ಹೆಂಗೂ ಬೀಗರದ್ದೇ."

ಜೂನ್ ಇಪ್ಪತ್ತು ಶುಕ್ರವಾರ. ಉಳವಿಯ ಮನೆ ಮುಂದೆ ಕಾರು ನಿಂತಾಗ ಹೂವಮ್ಮ ಹೊಸ ಸೀರೆ ಉಟ್ಟು, ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಆರು ವರ್ಷ ಅವಳಿಗೆ ಇದನ್ನು ತಾ, ಅದನ್ನು ಒರೆಸು ಎಂದ ಜಮೀಲಾ ಮೇಡಂ ಕಾಲು ಮುಂದೆ ಮಾಡಿ ನೀರು ಹಾಕಿಸಿಕೊಂಡಳು. ಮಕ್ಕಳಿಬ್ಬರೂ ಕುರಿಮರಿ ಹಿಡಿಯಲು ಓಡಿ ಕೆಸರಲ್ಲಿ ಬಿದ್ದರು. ಅಡುಗೆಗೆ ಮೊದಲೇ ಸೊರಬದಿಂದ ಸಾಬರನ್ನು ಕರೆಸಿ ಟಗರು ಕುಯ್ಯಿಸಿದ್ದನ್ನು ಗಿರೀಶ ಮುದುಕಮ್ಮನಿಗೆ ಕೈಸನ್ನೆಯಲ್ಲೇ ವಿವರಿಸಿದ. ಆಕೆ ಕುರ್ಚಿ ಬೇಡವೆಂದು ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, ಎರಡು ಮುದ್ದೆ ಮುಗಿಸಿ, ಮೂರನೆಯದಕ್ಕೆ ಕೈ ಚಾಚಿದಳು. ಬೀಗರ ಮನೆಯ ಗಂಡಸರು ಊಟ ಬಿಟ್ಟು ಅದನ್ನೇ ನೋಡಿದರು. ಮಾಂಸ ಮುಟ್ಟದ ನೀಲಾಂಬಿಕ ಜಗಲಿಯಲ್ಲಿ ಮೊಸರನ್ನ ಉಣ್ಣುತ್ತಾ, ಬಡಿಸುವವರ ಮೇಲೆ ಕಣ್ಣಿಟ್ಟಿದ್ದಳು. ಮೇಡಂ ತಟ್ಟೆ ಖಾಲಿಯಾದಾಗ ಅಭ್ಯಾಸದಿಂದ ಎತ್ತಿಕೊಳ್ಳಲು ಹೂವಮ್ಮ ಬಗ್ಗಿದಳು. ಸುಷ್ಮಿತಾ ತಾಯಿಯ ಕೈ ಹಿಡಿದು, "ನೀನು ಕೂತ್ಕೋ ಅವ್ವ" ಎಂದು ತಟ್ಟೆ ತಾನೇ ತೆಗೆದುಕೊಂಡು ಹೋದಳು.

ಜೂನ್ ಇಪ್ಪತ್ತೆರಡಕ್ಕೆ ಎಲ್ಲರೂ ಒಂದೇ ವಿಮಾನದಲ್ಲಿ ಹೋದರು. ಮೇಡಂ ಮಾತು ತಪ್ಪಲಿಲ್ಲ. ಇಪ್ಪತ್ಮೂರು ದಿನದ ಸಂಬಳ, ಹತ್ತಿರ ಹತ್ತಿರ ಹದಿನೇಳು ಸಾವಿರ ರೂಪಾಯಿ, ಹಿಡಿದುಕೊಂಡಳು. ಗಿರೀಶನ ಮೂರು ಟಗರು ಹೋದವು. ನೀಲಾಂಬಿಕ ನಾಲ್ಕು ದಿನ ಅಂಗಡಿ ಮುಚ್ಚಿದಳು. ಹೂವಮ್ಮ ಮಗಳ ಮದುವೆ ಕಣ್ಣಾರೆ ನೋಡಿದಳು, ಇಪ್ಪತ್ತೈದು ದಿನ ಎಂದುಕೊಂಡಲ್ಲಿ ನಲವತ್ತೆಂಟು ದಿನ ಮನೆಯಲ್ಲಿದ್ದಳು.